ಅದಿರು ಹೋದ ದಾರಿಯಲ್ಲೇ ಮಂಗಳೂರಿಗೆ

ಮಂಗಳೂರು, 30 ಅಕ್ಟೋಬರ್ 2011, ಭಾನುವಾರ

ಹೊಸಪೇಟೆ ಬಿಟ್ಟು ಇಂದಿಗೆ 23 ದಿನಗಳಾದವು. ಬರೆಯಬೇಕೆಂದು ಕುಳಿತಾಗಲೆಲ್ಲ ಗ್ಯಾಸ್ ಸಂಪರ್ಕದ ವರ್ಗಾವಣೆಯೋ, ಮಗಳ ಟಿ.ಸಿ.ಯೋ, ಬಾಡಿಗೆ ಕರಾರಿನ ಛಾಪಾ ಕಾಗದವೋ ಅಡ್ಡ ಬರುತ್ತಿತ್ತು. ಇಂದು ಮಧ್ಯಾಹ್ನದಿಂದ ಗುಡುಗು ಮಳೆ ಹಿಡಿದಿದೆ. ಹೊರಗೆ ಹೋಗುವ ಕೆಲಸವಿಲ್ಲ. ಬೆಳಿಗ್ಗೆ ತಮ್ಮನ ಫೋನ್ ಬಂದ ಮೇಲೆ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲವಾದ್ದರಿಂದ ನಡೆದದ್ದನ್ನು ಮೊದಲಿನಿಂದ ಬರೆದಿಡುತ್ತೇನೆ.

ನಾವು ಹೊರಟದ್ದು ವಿಜಯದಶಮಿಯ ಮರುದಿನ ರಾತ್ರಿ. ಹಬ್ಬದ ದಿನ ಅಪ್ಪ ಎಂದಿನಂತೆ ಬನ್ನಿ ಕೊಟ್ಟು, "ನಾವು ನೀವು ಬಂಗಾರದಂಗ ಇರೋಣ" ಎಂದರು. ಆ ಮಾತನ್ನು ಹುಟ್ಟಿದಾಗಿನಿಂದ ಕೇಳುತ್ತ ಬಂದವನಿಗೆ ಅಂದು ಮಾತ್ರ ಮರುಮಾತು ಹೊರಡಲಿಲ್ಲ. ಸಾಮಾನು ಸಾಗಿಸಲು ಬೇರೆ ಗಾಡಿ ಗೊತ್ತು ಮಾಡುವ ಪ್ರಸಂಗ ಬರಲಿಲ್ಲ, ಏಕೆಂದರೆ ತಮ್ಮನ ಹತ್ತು ಗಾಲಿಯ ಟಿಪ್ಪರ್ ಎರಡು ತಿಂಗಳಿಂದ ಮನೆಯ ಮುಂದೆಯೇ ನಿಂತಿತ್ತು. ಡೀಸೆಲ್ ಖರ್ಚು ನನ್ನದು, ಗಾಡಿ ಓಡಿಸುವುದು ಅವನದು ಎಂದು ಮಾತಾಯಿತು. ಕಾಲುವೆಯ ದಂಡೆಗೆ ಒಯ್ದು ಮೂರು ಸಲ ತೊಳೆದರೂ ಅದರ ತೊಟ್ಟಿಯ ಮೂಲೆಗಳಿಂದ ಕೆಂಪು ನೀರು ಇಳಿಯುವುದು ನಿಲ್ಲಲಿಲ್ಲ. ಕೊನೆಗೆ ಟಾರ್ಪಾಲಿನ್ ಹಾಸಿ, ಅದರ ಮೇಲೆ ಮಂಚ, ಅಲಮಾರು, ಜೋಳದ ಎರಡು ಚೀಲ, ಮಗಳ ಸೈಕಲ್ ಎಲ್ಲವನ್ನೂ ಏರಿಸಿದೆವು. ಚಿತ್ರದುರ್ಗ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬೆಳಕು ಹರಿಯಿತು. ತಮ್ಮ ಆ ಘಾಟಿಯ ಒಂದೊಂದು ತಿರುವನ್ನೂ ಬಲ್ಲ. ಪಣಂಬೂರಿನ ನವ ಮಂಗಳೂರು ಬಂದರಿಗೆ ಕಬ್ಬಿಣದ ಅದಿರು ಹೊತ್ತು ಎಷ್ಟು ಸಲ ಇಳಿದಿದ್ದಾನೆಂಬುದು ಅವನಿಗಿಂತ ನನಗೇ ಚೆನ್ನಾಗಿ ಗೊತ್ತು, ಏಕೆಂದರೆ ಅವನ ಟ್ರಿಪ್ ಶೀಟುಗಳನ್ನು ಬರೆದವನು ನಾನು.

ಹನ್ನೊಂದು ವರ್ಷ ನಾನು ಹೊಸಪೇಟೆಯ ಒಂದು ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಸೇರಿದಾಗ ಕಬ್ಬು, ಬಾಳೆ, ಸಿಮೆಂಟು ಸಾಗಿಸುವ ಹದಿನಾಲ್ಕು ಲಾರಿಗಳಿದ್ದವು. 2003ರ ನಂತರ ಚೀನಾಕ್ಕೆ ಅದಿರು ಬೇಕಾಯಿತು, ಬೆಲೆ ಏರಿತು, ಸಂಡೂರಿನ ಗುಡ್ಡಗಳಿಂದ ಹಗಲು ರಾತ್ರಿ ಲಾರಿ ಇಳಿಯತೊಡಗಿದವು. ಬೇಲೇಕೇರಿ, ಕಾರವಾರ, ಮಂಗಳೂರು, ಕೃಷ್ಣಪಟ್ಟಣ, ಚೆನ್ನೈ ಎಂದು ಬಂದರುಗಳ ಹೆಸರು ನಮ್ಮ ಊರಿನ ಚಹಾದಂಗಡಿಯ ಹುಡುಗರ ಬಾಯಲ್ಲೂ ಇತ್ತು. ರೈತರು ಹೊಲವನ್ನು ಅದಿರಿನ ಸ್ಟಾಕ್‌ಯಾರ್ಡಿಗೆ ಬಾಡಿಗೆ ಕೊಟ್ಟರು, ಇನ್ನು ಕೆಲವರು ಹೊಲ ಅಡವಿಟ್ಟು ಲಾರಿ ಕೊಂಡರು. 2008ರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ ಅದಿರಿನ ಬೆಲೆ ಕುಸಿದಾಗ ಕೆಲವು ತಿಂಗಳು ಲಾರಿಗಳು ನಿಂತಿದ್ದವು. ಆದರೆ ಮರುವರ್ಷ ಚೀನಾದ ಬೇಡಿಕೆ ಮತ್ತೆ ಏರಿ ಎಲ್ಲವೂ ಮೊದಲಿನಂತಾಯಿತು. ನಮ್ಮನ್ನು ಕೆಡಿಸಿದ್ದು ಆ ಚೇತರಿಕೆಯೇ ಎಂದು ಈಗ ಅನ್ನಿಸುತ್ತದೆ. ಎಂಥ ಕುಸಿತವೂ ನಾಲ್ಕು ತಿಂಗಳ ಮಾತು ಎಂಬ ಧೈರ್ಯ ಊರಿಗೆಲ್ಲ ಬಂದಿತ್ತು. ತಮ್ಮ 2010ರ ಜನವರಿಯಲ್ಲಿ ಟಿಪ್ಪರ್ ಕೊಂಡದ್ದು ಆ ಧೈರ್ಯದ ಮೇಲೆಯೇ. ಅದೇ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಷೇಧಿಸಿದಾಗಲೂ ನಾವು ಎಚ್ಚರಗೊಳ್ಳಲಿಲ್ಲ. ಜಿಂದಾಲ್ ಉಕ್ಕಿನ ಕಾರ್ಖಾನೆಯಂಥ ಒಳನಾಡಿನ ಗಿರಾಕಿಗಳಿದ್ದಾರಲ್ಲ ಎಂದುಕೊಂಡೆವು.

ಸಾಮಾನಿನ ನಡುವೆ ಒಂದು ಹಳೆಯ ಟ್ರಿಪ್ ಪುಸ್ತಕ ಅದು ಹೇಗೋ ಬಂದುಬಿಟ್ಟಿದೆ. ಈಗ ನನ್ನ ಮುಂದಿದೆ. ನಡುವೆ ನೀಲಿ ಕಾರ್ಬನ್ ಹಾಳೆ, ಪುಟದ ಬಲ ಮೂಲೆಯಲ್ಲಿ ಚಾಲಕರ ಹೆಬ್ಬೆರಳಿನ ಕೆಂಪು ಗುರುತು. ಸಹಿ ಮಾಡುವವರೂ ಹಾಳೆ ಹಿಡಿದ ಜಾಗದಲ್ಲಿ ಬೆರಳಚ್ಚು ಬಿಟ್ಟೇ ಹೋಗುತ್ತಿದ್ದರು. ಲಾರಿ ನಂಬರ್, ಪ್ಲಾಟ್, ಪರ್ಮಿಟ್ ತೂಕ, ವೇಬ್ರಿಡ್ಜ್ ತೂಕ, ಡೀಸೆಲ್, ಭತ್ಯೆ, ಕೊನೆಯದು 'ಇತರೆ'. ಪರ್ಮಿಟ್ ತೂಕದ ಕೆಳಗೆ 16 ಟನ್ ಎಂದಿದ್ದರೆ ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ 25, 26 ಎಂದಿದೆ. 'ಇತರೆ' ಎಂಬುದು ದಾರಿಯುದ್ದಕ್ಕೂ ಕೊಡಬೇಕಾದ ಮಾಮೂಲು. ನಾನು ಒಂದು ಪೈಸೆಯನ್ನೂ ತಪ್ಪಾಗಿ ಕೂಡಿಸಲಿಲ್ಲ, ಒಂದು ಪೈಸೆಯನ್ನೂ ಜೇಬಿಗಿಳಿಸಲಿಲ್ಲ. ಆದರೆ ಪ್ರತಿದಿನ ಸುಳ್ಳನ್ನೂ ನಿಜವನ್ನೂ ಅಕ್ಕಪಕ್ಕದ ಕಾಲಮ್ಮಿನಲ್ಲಿ ಬರೆದೆ, ಸಂಜೆ ಮನೆಗೆ ಹೋಗಿ ನೆಮ್ಮದಿಯಿಂದ ಉಂಡೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಕುರಿತು ಈ ವರ್ಷದ ಜುಲೈ 27ರಂದು ಕೊಟ್ಟ ವರದಿಯಲ್ಲಿ ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದಿರುವುದನ್ನು ಪತ್ರಿಕೆಯಲ್ಲಿ ಓದಿದಾಗ, ಅಷ್ಟು ದೊಡ್ಡ ಮೊತ್ತ ನನ್ನ ಪುಸ್ತಕದಂಥ ಸಾವಿರಾರು ಪುಸ್ತಕಗಳ ಮೂಲಕವೇ ಹಾದು ಹೋಗಿರಬೇಕು ಎಂದು ಎದೆ ಧಸಕ್ಕೆಂದಿತು.

ಎರಡು ದಿನಗಳ ನಂತರ, ಜುಲೈ 29ರ ಶುಕ್ರವಾರ, ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೂ ಅದಿರು ಸಾಗಣೆಯನ್ನೂ ನಿಲ್ಲಿಸಿತು. ತಿಂಗಳೊಳಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆಜ್ಞೆ ವಿಸ್ತರಿಸಿತು. ಕೇಂದ್ರ ಸರ್ಕಾರದ ಗಣಿ ಕಂಪನಿಯಾದ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅವಕಾಶ ಸಿಕ್ಕಿತು. ರಾಶಿ ಬಿದ್ದಿದ್ದ ಅದಿರನ್ನು ಇ-ಹರಾಜಿನಲ್ಲಿ ಮಾರಲು ಸೆಪ್ಟೆಂಬರಿನಲ್ಲಿ ಏರ್ಪಾಡಾಯಿತು. ಆದರೆ ನಮ್ಮ ಕಡೆಯ ಲಾರಿಗಳ ಸಂಖ್ಯೆಗೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹೆದ್ದಾರಿಯ ಎರಡೂ ಬದಿ ಲಾರಿಗಳು ಸಾಲುಗಟ್ಟಿ ನಿಂತವು. ಮೊದಲ ತಿಂಗಳು ಕ್ಲೀನರ್ ಹುಡುಗರು ಗಾಡಿಗಳಲ್ಲೇ ಮಲಗಿ ಕಾದರು. ಎರಡನೆಯ ತಿಂಗಳು ಬ್ಯಾಟರಿಗಳು, ಟೈರುಗಳು ಮಾರಾಟವಾದವು. ಧಾಬಾಗಳು, ಪಂಕ್ಚರ್ ಅಂಗಡಿಗಳು, ಕಮಾನು ಪಟ್ಟಿ ಕಟ್ಟುವ ಗ್ಯಾರೇಜುಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮ ಆಫೀಸಿನ ಮಾಲೀಕರು ಆಗಸ್ಟಿನಲ್ಲಿ ಪೂರ್ತಿ ಸಂಬಳ ಕೊಟ್ಟರು, ಸೆಪ್ಟೆಂಬರಿನಲ್ಲಿ ಅರ್ಧ ಕೊಟ್ಟು, ಬೇರೆ ಕಡೆ ನೋಡಿಕೊಳ್ಳಿ ಎಂದು ಕೈಮುಗಿದರು. ಅವರನ್ನು ದೂರುವ ಮನಸ್ಸು ನನಗಿಲ್ಲ.

ಗಣಿ ನಿಂತದ್ದು ತಪ್ಪು ಎಂದು ಈಗಲೂ ನಾನು ಹೇಳಲಾರೆ. ಹೆದ್ದಾರಿ ಪಕ್ಕದ ನಮ್ಮ ಹೊಲದ ಮೆಕ್ಕೆಜೋಳದ ಗರಿಗಳ ಮೇಲೆ ಕೂತ ಧೂಳನ್ನು ಅಪ್ಪ ಬೆರಳಿನಿಂದ ಒರೆಸಿ ತೋರಿಸುತ್ತಿದ್ದರು. ಆ ಮೇವು ತಿಂದ ಎತ್ತು ಕೆಮ್ಮುತ್ತಿತ್ತು. ಈ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಮೊದಲ ಬಾರಿ ಬೇವಿನ ಮರ ಹಸಿರಾಗಿ ಕಂಡಿತು ಎಂದು ಅವರು ಹೇಳಿದಾಗ, ಕೆಲಸ ಹೋಗುವ ಭಯದಲ್ಲಿದ್ದ ನನಗೂ ಒಳಗೊಳಗೆ ಸಂತೋಷವೇ ಆಯಿತು. ಆದರೆ ಗುಡ್ಡ ಅಗೆದು ಕೋಟಿ ಗಳಿಸಿದವರ ಲೆಕ್ಕ ತೆಗೆಯಲು ಸಮಿತಿಗಳಿರುವಾಗ, ಅಲ್ಲಿ ದುಡಿದವರು ಎಷ್ಟು ಮಂದಿ, ನಾಳೆಯಿಂದ ಅವರು ಏನು ಉಣ್ಣಬೇಕು ಎಂಬ ಲೆಕ್ಕವನ್ನೂ ಯಾರಾದರೂ ತೆಗೆಯಬೇಕಿತ್ತು. ಚಾಲಕನಿಗೆ, ಕ್ಲೀನರನಿಗೆ, ಅದಿರು ಜರಡಿ ಹಿಡಿಯುತ್ತಿದ್ದ ಹೆಂಗಸರಿಗೆ ನೇಮಕದ ಪತ್ರವಿರಲಿಲ್ಲ, ಪಿ.ಎಫ್. ಇರಲಿಲ್ಲ. ಆದ್ದರಿಂದ ಅವರು ಕೆಲಸ ಕಳೆದುಕೊಂಡದ್ದಕ್ಕೆ ದಾಖಲೆಯೂ ಇಲ್ಲ. ಇದು ನನ್ನನ್ನು ಬಹಳ ಬಾಧಿಸುತ್ತದೆ.

ಊರಿನವರು ಬೆಂಗಳೂರಿನ ಕಡೆ ಹೋದರು, ಹುಬ್ಬಳ್ಳಿಗೆ ಹೋದರು. ನಾನು ಮಂಗಳೂರಿಗೆ ಬಂದದ್ದು ಬಂದರಿನ ಪರಿಚಯದ ಏಜೆಂಟರೊಬ್ಬರು ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಗುಮಾಸ್ತರು ಬೇಕಾಗಿದ್ದಾರೆ ಎಂದು ತಿಳಿಸಿದ್ದರಿಂದ. ಸಂಬಳ 8,500. ಅಲ್ಲಿ ಸಿಗುತ್ತಿದ್ದದ್ದು 14,000. ಇಲ್ಲಿಯೂ ಕಾಲ ಅಷ್ಟು ನೆಟ್ಟಗಿಲ್ಲ. ಕಚ್ಚಾ ಗೇರುಬೀಜ ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ, ಡಾಲರಿನಲ್ಲಿ ಹಣ ಕಟ್ಟಬೇಕು. ಜುಲೈ ಕೊನೆಗೆ 44 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರು ಈಗ 49ರ ಸುತ್ತ ಇದೆ. ತಿರುಳು ರಫ್ತಾದಾಗ ಆ ಹಣ ಮರಳುತ್ತದಾದರೂ ಅಲ್ಲಿಯವರೆಗಿನ ಸಾಲಕ್ಕೆ ಬಡ್ಡಿ ಏರುತ್ತಲೇ ಇದೆ. ಕಳೆದ ಮಂಗಳವಾರ ರಿಸರ್ವ್ ಬ್ಯಾಂಕು ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ. 8.5ಕ್ಕೆ ಏರಿಸಿತು, 2010ರ ಮಾರ್ಚಿನಿಂದ ಇದು ಹದಿಮೂರನೆಯ ಏರಿಕೆ. ಹಾಗಾಗಿ ಇಬ್ಬರ ಮೇಜಿನ ಕೆಲಸ ನನ್ನೊಬ್ಬನ ಮೇಲಿದೆ. ಆದರೂ ಇಲ್ಲಿ ತೂಕಕ್ಕೆ ಒಂದೇ ಕಾಲಮ್ಮು. ಮೊದಲ ದಿನ ಅಭ್ಯಾಸಬಲದಿಂದ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ಅದಕ್ಕೆ ತುಂಬಲು ಏನೂ ಇಲ್ಲವೆಂದು ತಿಳಿದಾಗ ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡುತ್ತ ಕುಳಿತೆ.

ಕೂಳೂರಿನಲ್ಲಿ ಸೇತುವೆಗೆ ಹತ್ತಿರದ ಓಣಿಯಲ್ಲಿ ಮನೆ. ಮೊದಲ ವಾರ ದಿನಸಿ ಅಂಗಡಿಯವರು, "ನೀವು ಘಟ್ಟದ ಮೇಲಿನವರಾ?" ಎಂದು ಕೇಳಿದರು. ಹೊಸಪೇಟೆ ಎಂದೆ. "ಓ, ನಿಮ್ಮ ಕಡೆಯ ಲಾರಿಗಳೇ ನಮ್ಮ ಶಿರಾಡಿ ರಸ್ತೆಯನ್ನು ತಿಂದು ಹಾಕಿದ್ದು" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅಕ್ಕಿ ತೂಗುತ್ತಲೇ ಹೇಳಿದರು. ಆಸ್ಪತ್ರೆಗೆಂದು ಬರುವಾಗ ಸಾಲುಗಟ್ಟಿದ ಅದಿರು ಲಾರಿಗಳ ಹಿಂದೆ ಇರುಳಿಡೀ ಸಿಕ್ಕಿಬಿದ್ದ ತಮ್ಮ ಭಾವನ ಕತೆ ಹೇಳಿದರು. ನನ್ನ ಪುಸ್ತಕದ 25 ಟನ್ ಯಾರ ಬೆನ್ನ ಮೇಲೆ ಇಳಿದಿತ್ತು ಎಂಬುದು ಅಂದು ತಿಳಿಯಿತು. "ಅದರ ಲೆಕ್ಕ ಬರೆದವನು ನಾನೇ" ಎಂದು ಹೇಳಿದೆ, ಹೇಳದೆ ಇರಲಾಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಟ್ಟೆಪಾಡು ಅಲ್ಲವಾ ಮಾರಾಯ್ರೆ" ಎಂದು ಕುಚ್ಚಲಕ್ಕಿಯ ಚೀಲ ಕಟ್ಟಿಕೊಟ್ಟರು. ಈಗ ತಿಂಗಳ ಲೆಕ್ಕ ಅವರಲ್ಲೇ.

ಪಕ್ಕದ ಮನೆಯ ಹಿರಿಯರು ಕುದುರೆಮುಖ ಗಣಿಯಲ್ಲಿ ಕೆಲಸ ಮಾಡಿದವರು. ಅಲ್ಲಿಯ ಅದಿರು ಲಾರಿಯಲ್ಲಿ ಬರುತ್ತಿರಲಿಲ್ಲ, ನೀರಿನಲ್ಲಿ ಕಲಸಿದ ರಾಡಿಯಾಗಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ರಾಷ್ಟ್ರೀಯ ಉದ್ಯಾನದ ಕಾಡನ್ನೂ ಭದ್ರಾ ನದಿಯನ್ನೂ ಉಳಿಸಬೇಕೆಂದು ನಡೆದ ಹೋರಾಟದ ಕೊನೆಗೆ ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿಯೂ ಗಣಿ ನಿಂತಿತು. ಆ ರಾತ್ರಿ ಪಾಳಿ ಮುಗಿಸಿ ಬಂದದ್ದನ್ನು ಅವರು ನಿನ್ನೆ ಹೇಳುತ್ತಿದ್ದರು. ಯಂತ್ರಗಳ ಸದ್ದು ನಿಂತ ಮೇಲೆ ಹಳ್ಳದ ನೀರಿನ ಶಬ್ದ ಕ್ವಾರ್ಟರ್ಸಿನವರೆಗೂ ಕೇಳಿಸಿತಂತೆ. ಅಷ್ಟು ವರ್ಷ ಅಲ್ಲಿದ್ದರೂ ಹತ್ತಿರದಲ್ಲೊಂದು ಹಳ್ಳವಿದೆ ಎಂಬುದೇ ಮಲಗುವ ಕೋಣೆಯಲ್ಲಿ ತಿಳಿಯುತ್ತಿರಲಿಲ್ಲವಂತೆ. ಅವರಿಗೆ ಮಾತ್ರ ಒಂದು ಅನುಕೂಲವಿತ್ತು: ನ್ಯಾಯಾಲಯದ ಆಜ್ಞೆ 2002ರಲ್ಲೇ ಬಂದಿದ್ದರಿಂದ ಮೂರು ವರ್ಷ ಮುಂಚೆಯೇ ದಿನಾಂಕ ಗೊತ್ತಿತ್ತು. ನಮಗೆ ಒಂದು ದಿನವೂ ಇರಲಿಲ್ಲ. ಆ ವ್ಯತ್ಯಾಸದ ಬಗ್ಗೆ ನಾನು ನಿನ್ನೆಯಿಂದ ಯೋಚಿಸುತ್ತಿದ್ದೇನೆ.

ಹೆಂಡತಿಯ ಕಷ್ಟ ಬೇರೆ. ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ತಂದ ಜೋಳವನ್ನು ಇಲ್ಲಿಯ ಗಿರಣಿಯವರು ಬೀಸಿಕೊಡಲು ಒಪ್ಪಲಿಲ್ಲ. ಹೋದ ಭಾನುವಾರ ಕೂಳೂರು ಬಸ್ ನಿಲ್ದಾಣದಲ್ಲಿ ರಸ್ತೆ ಅಗೆಯುವ ಕೆಲಸಕ್ಕೆ ಬಂದ ಹೆಂಗಸರ ಗುಂಪೊಂದು, "ಯಾವೂರ್ರೀ ಅಕ್ಕಾರ ನಿಮ್ದು?" ಎಂದು ಕೇಳಿತು. ಕೊಪ್ಪಳ, ಬಾಗಲಕೋಟೆ ಕಡೆಯವರು. ವರ್ಷಗಳಿಂದ ಇಲ್ಲೇ ದುಡಿಯುತ್ತಿದ್ದಾರೆ. ಜೋಳ ಬೀಸುವ ಗಿರಣಿ ಎಲ್ಲಿದೆಯೆಂದು ತಿಳಿದದ್ದು ಅವರಿಂದ. ಏಳನೆಯ ತರಗತಿಯ ಮಗಳು ಆಟದ ಹೊತ್ತಿನಲ್ಲಿ ಎಲ್ಲರೂ ತುಳು ಮಾತಾಡುತ್ತಾರೆಂದು ಮೊದಲ ವಾರ ಅತ್ತಳು. ಈಗ ಮನೆಗೆ ಬಂದು "ಬಲೆ, ಕುಲ್ಲುಲೆ" (ಬನ್ನಿ, ಕುಳಿತುಕೊಳ್ಳಿ) ಎಂದು ಕಲಿತದ್ದನ್ನು ಒಪ್ಪಿಸುತ್ತಾಳೆ.

ಇನ್ನು ತಮ್ಮನ ಫೋನ್. ಕಂತು ಕಟ್ಟದೆ ಮೂರು ತಿಂಗಳಾಗಿತ್ತು. ಅವಧಿ ಹೆಚ್ಚಿಸಿಕೊಡಿ ಎಂದು ಕೇಳಿದ್ದಕ್ಕೆ ಹೆಚ್ಚಿನ ಬಡ್ಡಿಯ ಹೊಸ ಪತ್ರಕ್ಕೆ ಸಹಿ ಹಾಕಲು ಹೇಳಿದ್ದರು, ಇವನು ಹಾಕಿರಲಿಲ್ಲ. ನಿನ್ನೆ ಸಂಜೆ ಸಾಲ ಕೊಟ್ಟವರು ಬಂದು ಟಿಪ್ಪರ್ ಒಯ್ದರು. ಬೀಗದ ಕೈ ಕೇಳಿದಾಗ ಐದು ನಿಮಿಷ ಸಮಯ ತೆಗೆದುಕೊಂಡು ಕ್ಯಾಬಿನ್ನಿನಿಂದ ಹುಲಿಗೆಮ್ಮನ ಫೋಟೋ, ಸ್ಟೀಲಿನ ಡಬ್ಬಿ, ಕಂಬಳಿ ಇಳಿಸಿಕೊಂಡನಂತೆ. ಗಾಡಿಯ ತೊಟ್ಟಿಯಲ್ಲಿ ನಮ್ಮ ಮಗಳ ಸೈಕಲ್ಲಿನ ಗಂಟೆ ಸಿಕ್ಕಿತು, ಬರುವಾಗ ತರುತ್ತೇನೆ ಎಂದ. ಬರುತ್ತೀಯಾ ಎಂದು ಕೇಳಿದೆ. "ಅಲ್ಲಿ ಯಾರದಾದ್ರೂ ಗಾಡಿ ಓಡಿಸೂ ಕೆಲ್ಸ ಇದ್ರ ನೋಡಣ್ಣ" ಎಂದ. ಸ್ವಂತ ಗಾಡಿಯ ಮಾಲೀಕನಾಗಿ 21 ತಿಂಗಳು ಕಳೆದ ಮೇಲೆ ಆ ಮಾತು ಆಡಲು ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು.

ಮಂಗಳವಾರ ರಾಜ್ಯೋತ್ಸವ, ಕಾರ್ಖಾನೆಗೆ ರಜೆ. ಪಣಂಬೂರು, ಬೈಕಂಪಾಡಿಯ ಲಾರಿ ಆಫೀಸುಗಳು ಹಬ್ಬದ ದಿನವೂ ತೆರೆದಿರುತ್ತವೆ. ಬೆಳಿಗ್ಗೆ ಬೇಗ ಹೊರಟು ಅವನಿಗಾಗಿ ಒಂದೊಂದರಲ್ಲೂ ಕೇಳಿ ಬರುತ್ತೇನೆ.