ಗುಲ್ಮಾರ್ಗಕ್ಕೆ ಹೊರಟ ತಮ್ಮ ತಂಗಿಯರಿಗೆ

ಕುಮಾರಪರ್ವತ, ಕುದುರೆಮುಖ ಹತ್ತಿಳಿದು ರೂಢಿಯಿರುವ ನಮ್ಮ ಕಾಲೇಜಿನ ಚಾರಣ ಬಳಗ ಈ ಸಲ ಕಾಶ್ಮೀರದ ಗುಲ್ಮಾರ್ಗಕ್ಕೆ ಸ್ನೋಬೋರ್ಡ್, ಅಂದರೆ ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವುದನ್ನು, ಕಲಿಯಲು ಹೊರಟಿದೆಯಂತೆ. ಹಳೆಯ ತಂಡದವರು ನೆನಪು ಬರೆದುಕೊಡಿ ಎಂದು ಸಂಚಿಕೆಯವರು ಕೇಳಿದ್ದಾರೆ. ರೈಲಿನ ಅಂತ್ಯಾಕ್ಷರಿ, ಹೋಟೆಲಿನ ಕೀಟಲೆ ಇವನ್ನೆಲ್ಲ ನಮ್ಮಲ್ಲೇ ಚೆನ್ನಾಗಿ ಬರೆಯುವವರು ಬರೆಯಲಿ. ನನ್ನ ಪಾಲಿಗೆ ಆ ಬೆಟ್ಟದಿಂದ ನೆನಪಿನಲ್ಲಿ ಉಳಿದದ್ದು ಮುಂದಿನವರ ಕೆಲಸಕ್ಕೆ ಬರುವ ಸಂಗತಿಗಳು, ಅಷ್ಟನ್ನು ಬರೆಯುತ್ತೇನೆ. ಮುಖ್ಯವಾದದ್ದು ಇದು: ಹೊಸಬರ ಗುಂಪು ಕೆಡುವುದು ಧೈರ್ಯ ಸಾಲದೆ ಅಲ್ಲ, ಧೈರ್ಯ ಹೆಚ್ಚಾಗಿ. ಎಲ್ಲರಿಗಿಂತ ಬೇಗ ಕಲಿತ ಒಬ್ಬ ‘ಮೇಲೆ ಹೋಗೋಣ ಬನ್ರೋ’ ಎಂದರೆ ಇನ್ನೂ ನಿಲ್ಲಲು ಬಾರದವರೂ ಹಿಂದೆ ಹೊರಡುತ್ತಾರೆ.

ಗುಲ್ಮಾರ್ಗದಲ್ಲಿ ಇದು ಬೇರೆಡೆಗಿಂತ ಅಪಾಯದ್ದು, ಯಾಕೆಂದರೆ ಅಲ್ಲಿ ಎರಡು ಬೇರೆ ಬೇರೆ ಬೆಟ್ಟಗಳೇ ಇವೆ ಎನ್ನಬೇಕು. ಊರು ಇರುವುದು ಸುಮಾರು 2,650 ಮೀಟರ್ ಎತ್ತರದ ಬಟ್ಟಲಿನಂಥ ಹುಲ್ಲುಗಾವಲಿನಲ್ಲಿ. ಬೇಸಿಗೆಯಲ್ಲಿ ಗಾಲ್ಫ್ ಆಡುವ ಜಾಗವೇ ಚಳಿಗಾಲದಲ್ಲಿ ಹೊಸಬರ ಪಾಠಶಾಲೆ. ಅಲ್ಲಿಂದ ಗೊಂಡೋಲಾದ (ತಂತಿಯ ಮೇಲೆ ತೂಗಿ ಸಾಗುವ ಕೇಬಲ್ ಕಾರಿನ) ಮೊದಲ ಹಂತ ಸುಮಾರು 3,100 ಮೀಟರಿನ ಕೊಂಗ್‌ಡೋರಿಗೆ ಹೋಗುತ್ತದೆ. ಇದು ಶುರುವಾದದ್ದು 1998ರಲ್ಲಿ. 2005ರಲ್ಲಿ ಬಂದ ಎರಡನೆಯ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, 3,900 ಮೀಟರಿಗೂ ಮೇಲಕ್ಕೆ ಒಯ್ದು ಬಿಡುತ್ತದೆ. ಹೊರದೇಶದ ಪಳಗಿದ ಸವಾರರು ಗುಲ್ಮಾರ್ಗಕ್ಕೆ ಬರುವುದೇ ಆ ಮೇಲಿನ ಇಳಿಜಾರಿಗಾಗಿ. ಅಲ್ಲಿರುವುದು ಯಂತ್ರ ಓಡಿಸಿ ಹದಮಾಡಿದ ಹಾದಿಯಲ್ಲ, ಬಿದ್ದದ್ದು ಬಿದ್ದ ಹಾಗೇ ಇರುವ ಹಿಮ. ಹಿಮಕುಸಿತವಾಗುವ ಜಾಗವೂ ಹೌದು. ಕಲಿಯುವವರಿಗೆ ಅಲ್ಲಿ ಕೆಲಸವಿಲ್ಲ.

ಯಾವಾಗ ಹೋಗಬೇಕು? ಕಾಶ್ಮೀರದವರು ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯನ್ನು ಚಿಲ್ಲಾಯ್ ಕಲಾನ್ ಎನ್ನುತ್ತಾರೆ. ನಂತರ 20 ದಿನ ಚಿಲ್ಲಾಯ್ ಖುರ್ದ್, ಆಮೇಲೆ 10 ದಿನ ಚಿಲ್ಲಾಯ್ ಬಚ್ಚಾ. ಹೊಸ ವರ್ಷದ ರಜೆಗೆ ಟಿಕೆಟ್ ಮಾಡಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಆಗ ಜನ ಜಾಸ್ತಿ, ಹಿಮದ ಭರವಸೆ ಕಡಿಮೆ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ ಹಿಮವಿಲ್ಲದೆ ಬರಿದಾಗಿತ್ತು. ಜನವರಿ ಕೊನೆಯಿಂದ ಫೆಬ್ರವರಿ ಮುಗಿಯುವವರೆಗಿನ ವಾರಗಳು ಹೊಸಬರಿಗೆ ಒಳ್ಳೆಯವು. ಇಂಟರ್ನಲ್ ಪರೀಕ್ಷೆಗಳ ಜತೆ ಹೊಂದಿಸಿಕೊಳ್ಳುವುದು ನಿಮ್ಮ ಪಾಡು.

ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಕೊನೆಯ 13 ಕಿಲೋಮೀಟರ್, ಅಂದರೆ ತಂಗ್‌ಮಾರ್ಗದಿಂದ ಮೇಲಕ್ಕೆ, ಹಿಮ ಬಿದ್ದ ದಿನ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೋ ಫೋರ್ ವ್ಹೀಲ್ ಜೀಪೋ ಆಗಬೇಕು. ಆದ್ದರಿಂದ ಟೆಂಪೊ ಟ್ರಾವೆಲರನ್ನು ತಂಗ್‌ಮಾರ್ಗದವರೆಗೆ ಮಾತ್ರ ಗೊತ್ತು ಮಾಡಿ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಗುಂಪಿನಲ್ಲಿ ಕಡೇಪಕ್ಷ ಮೂರು ನಾಲ್ಕು ಪೋಸ್ಟ್‌ಪೇಯ್ಡ್ ಇರಲಿ. ಬೆಂಗಳೂರು ಇರುವುದು 920 ಮೀಟರಿನಲ್ಲಿ. ಒಂದೇ ದಿನದಲ್ಲಿ 2,650ಕ್ಕೆ ಏರಿದ ಮೈಗೆ ತಲೆನೋವು, ನಿದ್ದೆಗೇಡು ಸಹಜ, ಹಾಗಾಗಿ ಬಂದಿಳಿದ ದಿನ ಬೋರ್ಡ್ ಮುಟ್ಟಬೇಡಿ. ನೀರು ಕುಡಿಯಿರಿ, ಊರಲ್ಲಿ ಅಡ್ಡಾಡಿ. ತಲೆನೋವಿನ ಜತೆ ವಾಂತಿಯೂ ಶುರುವಾದವರನ್ನು ಮೇಲೆ ಕಳಿಸಲೇಬಾರದು, ಕಡಿಮೆಯಾಗದಿದ್ದರೆ ತಂಗ್‌ಮಾರ್ಗಕ್ಕೆ ಇಳಿಸಬೇಕು.

ಬಟ್ಟೆಯ ಮಾತು ಬೇಗ ಮುಗಿಸುತ್ತೇನೆ. ಮೈಗೆ ಅಂಟುವ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್. ಘಟ್ಟದ ಮಳೆಗೆ ಕೊಂಡ ಒಳ್ಳೆಯ ಚಾರಣದ ಜಾಕೆಟ್ ಇದ್ದರೆ, ಹೊಲಿಗೆಗೆ ಟೇಪ್ ಹಾಕಿದ್ದರೆ, ಅದೇ ಸಾಕು. ಪ್ಲಾಸ್ಟಿಕ್ ರೇನ್‌ಕೋಟು ಬೇಡ, ಒಳಗೆ ಬೆವರು ನಿಂತು ಚಳಿ ಹಿಡಿಯುತ್ತದೆ. ಜೀನ್ಸ್ ಹಾಕಿ ಬಂದವರು ಒಂದು ಗಂಟೆಯೊಳಗೆ ಒದ್ದೆಯಾಗಿ ಕೂರುತ್ತಾರೆ, ಏಕೆಂದರೆ ಮೊದಲೆರಡು ದಿನ ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚು. ಕೈಗವಸು ಎರಡು ಜೊತೆ. ಗಾಗಲನ್ನು ಹಣೆಯ ಮೇಲೆ ಏರಿಸಿ ಇಡಬೇಡಿ. ಬೆವರಿನ ಹಬೆ ಗಾಜಿನೊಳಗೆ ಕೂತರೆ ಆ ದಿನವೆಲ್ಲ ಮಬ್ಬು. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೆ ಮೇಲಕ್ಕೆ ಹೊರಳಿಸುತ್ತದೆ. ಹಾಗಾಗಿ ಸನ್‌ಸ್ಕ್ರೀನನ್ನು ಮೂಗಿನ ಹೊಳ್ಳೆಯ ಕೆಳಗೆ, ಗದ್ದದ ಅಡಿಗೆ ಹಚ್ಚಿ. ಮೋಡ ಕವಿದ ದಿನವೂ ಹಚ್ಚಿ.

ಇನ್ನು ಬೂಟು. ಬಾಡಿಗೆ ಅಂಗಡಿಯಲ್ಲಿ ಎಲ್ಲರೂ ಬೋರ್ಡಿನ ಮೇಲಿನ ಚಿತ್ರ ನೋಡುತ್ತಾ ನಿಂತಿರುತ್ತಾರೆ, ಬೂಟನ್ನು ಸಿಕ್ಕಿದ್ದು ಹಾಕಿಕೊಳ್ಳುತ್ತಾರೆ. ಇದು ತಲೆಕೆಳಗು. ಬೋರ್ಡ್ ಎರಡು ಇಂಚು ಹೆಚ್ಚುಕಮ್ಮಿಯಾದರೂ ಕಲಿಯಬಹುದು, ಹಿಮ್ಮಡಿ ಏಳುವ ಬೂಟಿನಲ್ಲಿ ಕಲಿಯಲಾಗುವುದಿಲ್ಲ. ಲೇಸ್ ಬಿಗಿದು ನಿಂತಾಗ ಬೆರಳ ತುದಿ ಬೂಟಿನ ಮೂತಿಗೆ ತಾಗಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದಾಗ ಅದು ಸ್ವಲ್ಪ ಹಿಂದೆ ಸರಿಯಬೇಕು. ತುದಿಗಾಲಿನಲ್ಲಿ ನಿಂತಾಗ ಹಿಮ್ಮಡಿ ಒಳಗೆ ಅರ್ಧ ಇಂಚು ಎದ್ದರೂ ಒಂದು ಅಳತೆ ಚಿಕ್ಕದು ಕೇಳಿ. ಹಿಮ್ಮಡಿ ಎದ್ದರೆ ನೀವು ಒತ್ತಿದ್ದು ಬೋರ್ಡಿನ ಅಂಚಿಗೆ ತಲುಪುವುದೇ ಇಲ್ಲ. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕುವುದು ಎಲ್ಲ ಗುಂಪಿನಲ್ಲೂ ಆಗುವ ತಪ್ಪು. ಮಡಿಕೆ ಒತ್ತಿ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಉಣ್ಣೆಯದು ಒಂದೇ ಸಾಕು, ಮೊಣಕಾಲಿನ ಹತ್ತಿರದವರೆಗೆ ಬರಬೇಕು, ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಬಾರದು.

ಬೋರ್ಡಿನ ಉದ್ದ ನೆಟ್ಟಗೆ ನಿಲ್ಲಿಸಿದಾಗ ಗದ್ದದಿಂದ ಮೂಗಿನ ನಡುವೆ ಇರಲಿ. ಹೊಸಬರಿಗೆ ಗದ್ದದ ಕಡೆಗೇ ಒಳ್ಳೆಯದು, ಮೆತ್ತಗೆ ಬಾಗುವಂಥದ್ದಿರಲಿ. ಎತ್ತರಕ್ಕಿಂತ ತೂಕ ಮುಖ್ಯ: 60 ಕಿಲೋ ತೂಗುವವರಿಗೆ 145ರಿಂದ 150 ಸೆಂಟಿಮೀಟರ್ ಸರಿಹೋಗುತ್ತದೆ. ಅಗಲವನ್ನೂ ನೋಡಬೇಕು. ದೊಡ್ಡ ಪಾದದವರ ಬೂಟು ಬೋರ್ಡಿನಿಂದ ಎರಡೂ ಕಡೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಹೊರಬಂದರೆ ವಾಲಿದಾಗ ಬೂಟಿನ ಮೂತಿಯೇ ಹಿಮಕ್ಕೆ ತಾಗಿ ಬೀಳಿಸುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಸ್ಕೀ ಹೆಚ್ಚು, ಸ್ನೋಬೋರ್ಡ್ ಕಡಿಮೆ. ಹಾಗಾಗಿ ಗುಂಪಿನ ಪ್ರತಿಯೊಬ್ಬರ ಎತ್ತರ, ತೂಕ, ಬೂಟಿನ ಅಳತೆ, ಮುಂದಿಡುವ ಕಾಲು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮೊದಲೇ ಕಳಿಸಿಬಿಡಿ. ಮುಂದಿಡುವ ಕಾಲು ಯಾವುದೆಂದು ತಿಳಿಯಲು ಹಾಸ್ಟೆಲಿನ ಕಾರಿಡಾರೇ ಸಾಕು. ಕಾಲುಚೀಲ ಹಾಕಿ ಓಡಿಬಂದು ಜಾರಿ. ತಾನಾಗಿ ಎಡಗಾಲು ಮುಂದೆ ಬಂದರೆ ರೆಗ್ಯುಲರ್, ಬಲಗಾಲು ಬಂದರೆ ಗೂಫಿ.

ಬೂಟನ್ನು ಬೋರ್ಡಿಗೆ ಬಿಗಿಯುವ ಪಟ್ಟಿಗಳ ಕಟ್ಟಿಗೆ ಬೈಂಡಿಂಗ್ ಎನ್ನುತ್ತಾರೆ. ಎರಡು ಬೈಂಡಿಂಗುಗಳ ನಡುವಿನ ಅಂತರ ಹೆಗಲಿನಗಲಕ್ಕಿಂತ ತುಸು ಹೆಚ್ಚು; ಮುಂದಿನದು ಮುಂದಕ್ಕೆ 15 ಡಿಗ್ರಿ, ಹಿಂದಿನದು ಹಿಂದಕ್ಕೆ 6ರಿಂದ 9 ಡಿಗ್ರಿ. ಬೈಂಡಿಂಗಿನ ತಟ್ಟೆಯ ಸ್ಕ್ರೂಗಳು ಸಡಿಲವಾಗುತ್ತವೆ, ದಿನಾ ಬೆಳಿಗ್ಗೆ ಸ್ಕ್ರೂಡ್ರೈವರಿನಿಂದ ಬಿಗಿಯಿರಿ. ಕಟ್ಟಿಕೊಳ್ಳುವ ಮುಂಚೆ ಬೂಟಿನ ಅಡಿಗೆ ಹತ್ತಿದ ಹಿಮ ಕೆರೆದು ತೆಗೆಯಬೇಕು. ಹಿಮ್ಮಡಿಯನ್ನು ಹಿಂದಿನ ಆಸರೆಗೆ ಒತ್ತಿಟ್ಟು ಮೊದಲು ಕಣಕಾಲಿನ ಪಟ್ಟಿ, ಆಮೇಲೆ ಬೆರಳಿನ ಪಟ್ಟಿ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ. ಮಣಿಕಟ್ಟಿನ ಗಾರ್ಡ್ ಎಲ್ಲ ಕಡೆ ಸಿಗುವುದಿಲ್ಲ, ಸ್ಕೇಟಿಂಗಿನದಾದರೂ ಸರಿ, ಬೆಂಗಳೂರಿನಿಂದಲೇ ಒಯ್ಯಿರಿ. ಹೊಸ ಸ್ನೋಬೋರ್ಡಿಗರಲ್ಲಿ ಹೆಚ್ಚು ಮುರಿಯುವುದು ಮಣಿಕಟ್ಟು. ಬೀಳುವಾಗ ಅಂಗೈ ಚಾಚುವುದೇ ಕಾರಣ. ಮುಷ್ಟಿ ಕಟ್ಟಿ ಕೈಯನ್ನು ಎದೆಗೆ ತಂದುಕೊಳ್ಳಿ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿ, ಕುಳಿತು ಬೆನ್ನಿನ ಮೇಲೆ ಉರುಳಿ. ಮುಂದಕ್ಕಾದರೆ ಮುಂಗೈಗಳ ಮೇಲೆ ಜಾರಿ. ಇದನ್ನು ಹಾಸ್ಟೆಲಿನ ಹಾಸಿಗೆಯ ಮೇಲೆ ರೂಢಿ ಮಾಡಿಕೊಂಡು ಹೋಗಬಹುದು, ನಮ್ಮ ಪಿ.ಡಿ. ಸರ್ ಮಾಡಿಸಿದ ಕಸರತ್ತುಗಳಲ್ಲಿ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಇದು.

ಕಲಿಯುವ ಕ್ರಮ ತಪ್ಪಬಾರದು. ಮೊದಲು ಮುಂದಿನ ಕಾಲನ್ನು ಮಾತ್ರ ಕಟ್ಟಿ, ಹಿಂದಿನ ಕಾಲಿನಿಂದ ನೂಕುತ್ತಾ ಸಮತಟ್ಟಿನಲ್ಲಿ ಓಡಾಡುವುದು. ಸ್ಕೀಯವರಿಗೆ ಊರಲು ಕೋಲಿದೆ, ನಮಗಿಲ್ಲ. ಗುಲ್ಮಾರ್ಗದ ಬಯಲಿನಲ್ಲಿ ಈ ನೂಕುನಡಿಗೆ ಬಾರದವರು ಬೋರ್ಡ್ ಹೊತ್ತು ನಡೆಯುತ್ತಲೇ ದಿನ ಕಳೆಯುತ್ತಾರೆ. ಆಮೇಲೆ ಸಣ್ಣ ಏರಿನಿಂದ ನೇರ ಜಾರಿ ತಾನಾಗಿ ನಿಲ್ಲುವುದು. ಮೂರನೆಯದು ಅಡ್ಡಜಾರು: ಎರಡೂ ಕಾಲು ಕಟ್ಟಿ, ಬೋರ್ಡನ್ನು ಇಳಿಜಾರಿಗೆ ಅಡ್ಡಲಾಗಿಟ್ಟು, ಮೇಲಿನ ಅಂಚನ್ನು ಒತ್ತಿ ಹಿಡಿದು, ತುಸು ಬಿಡುತ್ತಾ ಕೆಳಗಿಳಿಯುವುದು. ಇಡೀ ವಿದ್ಯೆಯ ಅಡಿಪಾಯ ಇದು. ಗಾರೆಯವರು ಕರಣೆ ಎಳೆಯುವುದನ್ನು ನೋಡಿ. ಸಾಗುವ ದಿಕ್ಕಿನ ಅಂಚನ್ನು ಕೂದಲೆಳೆಯಷ್ಟು ಎತ್ತಿರುತ್ತಾರೆ. ಆ ಅಂಚು ತಗ್ಗಿದರೆ ಕರಣೆ ಗಾರೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಬೋರ್ಡಿನ ಕೆಳಗಿನ ಅಂಚು ಹಿಮಕ್ಕೆ ತಾಗಿದಾಗ ಆಗುವುದೂ ಅದೇ. ಬೋರ್ಡ್ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಕಣಿವೆಗೆ ಮುಖಮಾಡಿ ಹಿಮ್ಮಡಿ ಅಂಚಿನಲ್ಲಿ ಇಳಿಯುತ್ತಿದ್ದರೆ ಮುಂದಕ್ಕೆ ಬೀಳುತ್ತೀರಿ. ಬೆಟ್ಟಕ್ಕೆ ಮುಖಮಾಡಿ ಬೆರಳಂಚಿನಲ್ಲಿ ಇಳಿಯುತ್ತಿದ್ದರೆ ಹಿಂದಕ್ಕೆ, ತಲೆಯ ಹಿಂಭಾಗಕ್ಕೆ ಪೆಟ್ಟು. ಹೆಲ್ಮೆಟ್ ಬೇಕಾಗುವುದು ವೇಗದಲ್ಲಿ ಅಂದುಕೊಳ್ಳಬೇಡಿ. ಸಮತಟ್ಟಾದ ಕಡೆ, ನಿಧಾನದಲ್ಲಿ, ಅಂಚು ಹಾಕುವುದನ್ನು ಮರೆತು ಬೋರ್ಡನ್ನು ಚಪ್ಪಟೆಯಾಗಿ ಬಿಟ್ಟಾಗಲೇ ಕೆಳಗಿನ ಅಂಚು ಕಚ್ಚುವುದು ಹೆಚ್ಚು.

ಎರಡೂ ಅಂಚಿನಲ್ಲಿ ಅಡ್ಡಜಾರು ಬಂದ ಮೇಲೆ, ಒಂದೇ ಅಂಚಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೇಲುತ್ತಾ ಇಳಿಯುವುದನ್ನು ಕಲಿಸುತ್ತಾರೆ. ಆಮೇಲೆ ತಿರುವು. ಇಲ್ಲಿ ಎಲ್ಲರದೂ ಒಂದೇ ತಪ್ಪು: ಬೋರ್ಡಿನ ಮೂತಿ ಕೆಳಗೆ ತಿರುಗಿದ ಕೂಡಲೇ ಹೆದರಿ ಹಿಂದಿನ ಕಾಲಿಗೆ ವಾಲುತ್ತಾರೆ. ಮೂತಿ ಹಗುರಾಗಿ ಬೋರ್ಡ್ ತಿರುಗುವುದೇ ಇಲ್ಲ, ವೇಗ ಮಾತ್ರ ಏರುತ್ತದೆ. ಭಾರ ಮುಂದಿನ ಕಾಲಿನ ಮೇಲೆಯೇ ಇರಬೇಕು, ಮೂತಿ ನೇರ ಕೆಳಗಿರುವ ಆ ಒಂದೆರಡು ಕ್ಷಣ ಸಹಿಸಬೇಕು, ಹೋಗಬೇಕಾದ ಕಡೆಗೆ ಕಣ್ಣೂ ಮುಂದಿನ ಹೆಗಲೂ ತಿರುಗಬೇಕು. ಬಗ್ಗಬೇಕಾದದ್ದು ಮೊಣಕಾಲು, ಸೊಂಟವಲ್ಲ. ಪಾದದಡಿ ಸೆಳೆತ ಬಂದರೆ ಬೂಟಿನೊಳಗೆ ಬೆರಳು ಮುದುರಿ ಹಿಡಿದಿದ್ದೀರಿ ಎಂದು ತಿಳಿಯಿರಿ.

ಬೋರ್ಡಿನ ಮೇಲೆ ನಿಂತವರನ್ನು ದಂಡದಿಂದ ಏರಿಗೆ ಎಳೆದೊಯ್ಯುವ ಲಿಫ್ಟಿನಲ್ಲಿ ಆ ದಂಡದ ಮೇಲೆ ಕೂರಬೇಡಿ, ಅದು ಕುರ್ಚಿಯಲ್ಲ. ಮುಂದಿನ ತೊಡೆಯ ಹಿಂದೆ ಸಿಕ್ಕಿಸಿಕೊಂಡು, ಹಿಂದಿನ ಪಾದವನ್ನು ಎರಡು ಬೈಂಡಿಂಗುಗಳ ನಡುವೆ ಊರಿ, ಬೋರ್ಡನ್ನು ಹಳಿಯಲ್ಲಿ ನೇರ ಬಿಡಿ. ಬಿದ್ದರೆ ದಂಡ ಬಿಟ್ಟು ತಕ್ಷಣ ಪಕ್ಕಕ್ಕೆ ಉರುಳಿ, ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ.

ಹೊತ್ತಿನ ಲೆಕ್ಕವೂ ಬೇಕು. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಕಲ್ಲಿನಂತಿರುತ್ತದೆ, ಅಂಚು ಹಿಡಿಯುವುದಿಲ್ಲ, ಬಿದ್ದರೆ ನೋವು ಹೆಚ್ಚು. ಬಿಸಿಲಿನ ದಿನ ಹತ್ತೂವರೆಯಿಂದ ಒಂದರವರೆಗೆ ಹದ. ಮೂರರ ಹೊತ್ತಿಗೆ ಕಾಲು ಸೋತಿರುತ್ತದೆ, ಹಿಮ ಮತ್ತೆ ಗಟ್ಟಿಯಾಗತೊಡಗುತ್ತದೆ. ‘ಇದೊಂದೇ ಸಲ’ ಎಂದು ಹೋಗಿ ಪೆಟ್ಟು ಮಾಡಿಕೊಳ್ಳುವ ಹೊತ್ತು ಇದು. ನಡುವೆ ರಾಜ್ಮಾ ಅನ್ನ, ಕಹ್ವಾ ಚಹಾ ಸಿಗುತ್ತದೆ. ಹೊಟ್ಟೆ ಬಿರಿಯೆ ಉಂಡು ಬೋರ್ಡ್ ಕಟ್ಟಲು ಬಗ್ಗಿ ನೋಡಿ, ಆಗ ಗೊತ್ತಾಗುತ್ತದೆ.

ಗುಂಪನ್ನು ಐದಾರು ಜನರ ತಂಡಗಳಾಗಿ ಒಡೆದು, ತಂಡಕ್ಕೊಬ್ಬ ತರಬೇತುದಾರರನ್ನು ಗೊತ್ತು ಮಾಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲೇ ಇದೆ, ಶಿಬಿರ ನಡೆಸುತ್ತದೆ. ಸ್ನೋಬೋರ್ಡಿಗೆ ಬೇರೆ ತಂಡ ಮಾಡುತ್ತಾರಾ ಎಂದು ಮೊದಲೇ ಬರೆದು ಕೇಳಿ. ಹಿಂದೆ ಹೋಗಿಬಂದ ಸೀನಿಯರ್ ಕಲಿಸಿಕೊಡುತ್ತಾನೆ ಎಂಬ ಉಳಿತಾಯ ಬೇಡ. ಬರುವುದಕ್ಕೂ ಕಲಿಸುವುದಕ್ಕೂ ಬಹಳ ಅಂತರ. ಹಿಮ ಕಾಣದ ನಾಡಿನವರಿಗೆ ಇದೆಲ್ಲ ಎಲ್ಲಿ ಹತ್ತೀತು ಎಂದು ಅಳುಕುವವರಿಗೆ ಒಂದು ಮಾತು: ಕ್ರಾಸ್ ಕಂಟ್ರಿ ಸ್ಕೀಯಿಂಗಿನಲ್ಲಿ ಭಾರತವನ್ನು ಪ್ರತಿನಿಧಿಸಿದ ಭವಾನಿ ತೆಕ್ಕಡ ನಂಜುಂಡ ನಮ್ಮ ಕೊಡಗಿನವರು. ವಿಮೆ ಮಾಡಿಸುವಾಗ ಚಳಿಗಾಲದ ಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದು ಸಣ್ಣ ಅಕ್ಷರ ಓದಿ. ಮೂಳೆ ಮುರಿದಂತೆ ಕಂಡರೆ ಅಲುಗದಂತೆ ಕಟ್ಟಿ, ಕೆಳಗಿಳಿಸಿ. ಶ್ರೀನಗರದ ಬರ್ಝುಲ್ಲಾದಲ್ಲಿ ಮೂಳೆಗೇ ಮೀಸಲಾದ ಸರಕಾರಿ ಆಸ್ಪತ್ರೆಯಿದೆ. ಸಂಜೆ ಒದ್ದೆ ಬೂಟನ್ನು ಬುಖಾರಿಗೆ (ಕೋಣೆ ಬಿಸಿ ಮಾಡುವ ಒಲೆಗೆ) ಒತ್ತಿ ಇಡಬೇಡಿ, ಅಂಟು ಬಿಡುತ್ತದೆ. ಒಳಪದರ ಹೊರತೆಗೆದು ಹಳೆಯ ಪೇಪರ್ ತುರುಕಿ ದೂರದಲ್ಲಿಡಿ.

ಕೊನೆಯ ದಿನ ಕೊಂಗ್‌ಡೋರಿಯ ಮಾತು ಬಂದೇ ಬರುತ್ತದೆ. ಎರಡೂ ಅಂಚಿನಲ್ಲಿ ಬೇಕೆಂದಲ್ಲಿ ನಿಲ್ಲಬಲ್ಲವರು, ಬೀಳದೆ ನಾಲ್ಕು ತಿರುವು ಜೋಡಿಸಬಲ್ಲವರು, ಯಾರ ಕೈಯೂ ಹಿಡಿಯದೆ ಎದ್ದು ನಿಲ್ಲಬಲ್ಲವರು ತರಬೇತುದಾರರ ಜತೆ ಬೋರ್ಡ್ ಒಯ್ಯಲಿ. ಉಳಿದವರೂ ನೋಡಲು ಹೋಗಲಿ, ಗೊಂಡೋಲಾದಲ್ಲೇ ಇಳಿದು ಬರಲಿ. ಟಿಕೆಟನ್ನು ಆನ್‌ಲೈನಿನಲ್ಲಿ ಮುಂಚೆಯೇ ಮಾಡಿಸಿರಬೇಕು. ಆದರೆ ಅವರ ಬೋರ್ಡುಗಳನ್ನು ಹೊರಡುವ ಮುಂಚೆಯೇ ಅಂಗಡಿಗೆ ಒಪ್ಪಿಸಿ ಚೀಟಿ ಪಡೆಯಿರಿ. ಮೇಲೆ ಹೋದ ಮೇಲೆ ಬೋರ್ಡ್ ಕೈಯಲ್ಲಿದ್ದರೆ ಯಾರೂ ಮಾತು ಕೇಳುವುದಿಲ್ಲ.