ಖಾಲಿ ಬಿಟ್ಟ ಐದು ಅಡಿ

ಊರಿಗೆ ಹೋದಾಗ ಯಾರಾದರೂ "ಅಮೆರಿಕದಲ್ಲಿ ಎಂತ ಕೆಲಸ ನಿಂದು?" ಎಂದು ಕೇಳಿದರೆ "ಸಿವಿಲ್ ಎಂಜಿನಿಯರು" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಕೇಳಿದವರ ಕಣ್ಣಮುಂದೆ ಸೇತುವೆ, ಅಣೆಕಟ್ಟು, ಮೂವತ್ತು ಮಹಡಿ ಕಟ್ಟಡ ಬರುತ್ತವೆ. ಬರಲಿ ಬಿಡಿ, ನನಗೇನು ನಷ್ಟ. ನಿಜವಾಗಿ ನನ್ನ ಹೊಟ್ಟೆಪಾಡು ಒಹಾಯೊ ರಾಜ್ಯದ ಕೊಲಂಬಸ್ ಸುತ್ತಮುತ್ತಲಿನ ಅಂಗಡಿ, ದವಾಖಾನೆ, ಬ್ಯಾಂಕು, ಹೋಟೆಲುಗಳ ಎದುರಿನ ಪಾರ್ಕಿಂಗ್ ಜಾಗಕ್ಕೆ ನಕ್ಷೆ ಮಾಡುವುದು. ಗೀಟು ಎಲ್ಲಿ ಬೀಳಬೇಕು, ನೀರು ಯಾವ ಕಡೆ ಹರಿಯಬೇಕು, ದೀಪದ ಕಂಬ ಎಲ್ಲಿ ನಿಲ್ಲಬೇಕು, ಇಷ್ಟೇ. ನಮ್ಮ ಶಿರಸಿಯಲ್ಲಿ ಇದನ್ನೊಂದು ಕೆಲಸ ಎಂದು ಒಪ್ಪುವವರು ಸಿಗಲಿಕ್ಕಿಲ್ಲ. ಅಲ್ಲಿ ಗಾಡಿ ನಿಲ್ಲಿಸಲು ಬೇಕಾದ್ದು ಧೈರ್ಯ ಮಾತ್ರ.

ಇಲ್ಲಿಗೆ ಬಂದವರೆಲ್ಲ ಮೊದಲು ಗಮನಿಸುವುದು ಅಂಗವಿಕಲರಿಗೆಂದು ಗಾಲಿಕುರ್ಚಿಯ ಚಿತ್ರ ಬರೆದ ಜಾಗವನ್ನು. ಅಂಗಡಿ ಬಾಗಿಲಿಗೆ ಅತಿ ಹತ್ತಿರದ ಜಾಗ ಅದು. ಶನಿವಾರ ಸಂಜೆ ಉಳಿದವರು ಸುತ್ತು ಹೊಡೆಯುತ್ತಿದ್ದರೂ ಅಲ್ಲಿ ಒಂದೆರಡು ಖಾಲಿ ಇರುತ್ತವೆ. ನಮ್ಮೂರಿಂದ ಬಂದ ಅತಿಥಿಗಳು ಅದನ್ನು ನೋಡಿ "ಎಷ್ಟು ಶಿಸ್ತು!" ಎಂದು ತಲೆದೂಗುತ್ತಾರೆ. ನಮ್ಮ ಕಸುಬಿನವರ ಕಣ್ಣು ಮಾತ್ರ ಅದರ ಪಕ್ಕದ ಓರೆಗೀಟಿನ ಪಟ್ಟಿಯ ಮೇಲಿರುತ್ತದೆ. ಕಾರಿಗೆ ಎಂಟು ಅಡಿ ಅಗಲ, ಅದರ ಮಗ್ಗುಲಿಗೆ ಐದು ಅಡಿಯ ಪಟ್ಟಿ. ಆ ಐದು ಅಡಿಯಲ್ಲಿ ಯಾರೂ ಏನನ್ನೂ ನಿಲ್ಲಿಸುವಂತಿಲ್ಲ. ಚಿತ್ರ ಬರೆದ ಜಾಗ ಕೆಲಸಕ್ಕೆ ಬರುವುದು ಈ ಪಟ್ಟಿ ಖಾಲಿ ಇದ್ದರೆ ಮಾತ್ರ.

ಏಕೆಂದು ತಿಳಿಯಬೇಕಾದರೆ ಗಾಲಿಕುರ್ಚಿಯವರು ವ್ಯಾನಿನಿಂದ ಇಳಿಯುವುದನ್ನು ಒಮ್ಮೆ ನೋಡಬೇಕು. ಪಕ್ಕದ ಬಾಗಿಲು ಸರಿಯುತ್ತದೆ, ಒಳಗಿಂದ ಒಂದು ಲೋಹದ ಹಲಗೆ ಮಡಿಕೆ ಬಿಚ್ಚಿಕೊಂಡು ನೆಲಕ್ಕೆ ತಾಗುತ್ತದೆ, ಕುರ್ಚಿ ಅದರ ಮೇಲೆ ಇಳಿದು ಬರುತ್ತದೆ. ಇಳಿದ ಕುರ್ಚಿ ತಿರುಗಿಕೊಳ್ಳಲೂ ಜಾಗ ಬೇಕು. ಹಾಗಾಗಿ ವ್ಯಾನಿನ ಜಾಗಕ್ಕೆ ಲೆಕ್ಕ ಬೇರೆ: ಒಂದೋ ಪಟ್ಟಿ ಎಂಟು ಅಡಿ ಇರಬೇಕು, ಇಲ್ಲವೇ ಜಾಗವೇ ಹನ್ನೊಂದು ಅಡಿ ಇದ್ದು ಪಕ್ಕದಲ್ಲಿ ಐದು ಅಡಿಯ ಪಟ್ಟಿ ಇರಬೇಕು. ಒಂದು ಔಷಧ ಅಂಗಡಿಯ ಎದುರು, ಗಡಗಡ ನಡುಗಿಸುವ ಚಳಿಯಲ್ಲಿ, ಹೆಂಗಸೊಬ್ಬರು ಕುರ್ಚಿಯಲ್ಲಿ ಕೂತು ತಮ್ಮ ವ್ಯಾನನ್ನೇ ನೋಡುತ್ತಿದ್ದರು. ಯಾರೋ ಪುಣ್ಯಾತ್ಮ "ಎರಡೇ ನಿಮಿಷ" ಎಂದು ಓರೆಗೀಟಿನ ಮೇಲೆ ಕಾರು ನಿಲ್ಲಿಸಿ ಒಳಗೆ ಹೋಗಿದ್ದ. ಅವರ ವ್ಯಾನು ಸರಿಯಾದ ಜಾಗದಲ್ಲೇ ಇತ್ತು, ಕನ್ನಡಿಗೆ ಅಂಗವಿಕಲರ ಪರವಾನಗಿಯ ನೀಲಿ ಚೀಟಿಯೂ ತೂಗುತ್ತಿತ್ತು. ಹಲಗೆ ಬಿಚ್ಚಲು ಜಾಗವಿಲ್ಲದೆ ಅವರು ಮನೆಗೆ ಹೋಗುವಂತಿರಲಿಲ್ಲ. ಚಿತ್ರ ಬರೆದ ಜಾಗದಲ್ಲಿ ಸುಮ್ಮನೆ ಗಾಡಿ ನಿಲ್ಲಿಸಿದರೆ ಒಹಾಯೊದಲ್ಲಿ 250ರಿಂದ 500 ಡಾಲರ್ ದಂಡ ಎಂದು ಎಲ್ಲರಿಗೂ ಗೊತ್ತು. ಪಟ್ಟಿಯ ಮೇಲೆ ನಿಲ್ಲಿಸುವವರಿಗೆ ಮಾತ್ರ ಅದೇನೋ ವಿನಾಯಿತಿ ಇದ್ದಂತೆ ಅನಿಸುತ್ತದೆ. ಸಾಮಾನು ತಳ್ಳುವ ಬಂಡಿ ಬಿಟ್ಟು ಹೋಗುವವರು, ಮೋಟರ್ ಸೈಕಲ್ ತೂರಿಸುವವರು, ಚಳಿಗಾಲದಲ್ಲಿ ಇಡೀ ಅಂಗಳದ ಹಿಮವನ್ನು ಗೋರಿ ತಂದು ಸರಿಯಾಗಿ ಅಲ್ಲಿಯೇ ಗುಡ್ಡೆ ಹಾಕುವ ಗುತ್ತಿಗೆದಾರರು, ಎಲ್ಲರೂ ಇದ್ದಾರೆ. ಶಿಸ್ತು ಅಂದಿರಲ್ಲ, ಅದು ಇಷ್ಟು.

ಈ ಅಳತೆಗಳೆಲ್ಲ ಯಾರದೋ ಔದಾರ್ಯದಿಂದ ಬಂದವಲ್ಲ. 1990ರ ಮಾರ್ಚ್ 12ರಂದು ವಾಷಿಂಗ್ಟನ್‌ನ ಸಂಸತ್ ಭವನದ ಮೆಟ್ಟಿಲ ಬುಡದಲ್ಲಿ ಹಲವಾರು ಮಂದಿ ಗಾಲಿಕುರ್ಚಿ, ಊರುಗೋಲು ಬಿಟ್ಟು ತೆವಳುತ್ತ ಮೇಲೇರಿದರು. ಅದೇ ವರ್ಷ ಜುಲೈ 26ಕ್ಕೆ ಅಂಗವಿಕಲರ ಹಕ್ಕಿನ ಕಾನೂನಿಗೆ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಸಹಿ ಬಿತ್ತು. ಇಪ್ಪತ್ತೈದು ಕಾರಿನವರೆಗಿನ ಪಾರ್ಕಿಂಗಿನಲ್ಲಿ ಒಂದು ಜಾಗ, ಐವತ್ತರವರೆಗೆ ಎರಡು, ನೂರರವರೆಗೆ ನಾಲ್ಕು, ಹೀಗೆ ಏರುತ್ತ ಹೋಗುವ ಲೆಕ್ಕ ಅದರಡಿಯ ನಿಯಮಗಳಲ್ಲಿದೆ. ಅಂಥ ಆರರಲ್ಲಿ ಒಂದಾದರೂ ವ್ಯಾನಿಗೆ ಆಗಬೇಕು. ಅಂಗಡಿಯವರು ಪಾಲಿಸುವುದು ಧರ್ಮಬುದ್ಧಿಯಿಂದ ಅಂತಲೂ ಅಲ್ಲ. ಅಂಗಳದಲ್ಲಿ ಗಿರಾಕಿ ಜಾರಿ ಬಿದ್ದು ಸೊಂಟ ಮುರಿದರೆ ವಕೀಲರ ನೋಟಿಸ್ ಬರುತ್ತದೆ, ವಿಮೆಯ ಕಂತು ಏರುತ್ತದೆ. ಬೆಳಗಾಗುವ ಮೊದಲೇ ಮಂಜುಗಡ್ಡೆ ಕರಗಿಸುವ ಉಪ್ಪು ಎರಚುವುದು ಆ ಹೆದರಿಕೆಗೆ. ಬೆತ್ತದ ಜತೆ ಬೆಲ್ಲವೂ ಇದೆ: ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೀರದ ವಹಿವಾಟಿನ ಸಣ್ಣ ಅಂಗಡಿ ಇಂಥ ಬದಲಾವಣೆಗೆ ಮಾಡಿದ ಖರ್ಚಿನ ಅರ್ಧದಷ್ಟನ್ನು, ಗರಿಷ್ಠ 5,000 ಡಾಲರ್‌ವರೆಗೆ, ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಬೆಲ್ಲದ ಸುದ್ದಿ ಬಹಳ ಜನ ಅಂಗಡಿಯವರಿಗೆ ನಾವೇ ಹೇಳಬೇಕಾಗುತ್ತದೆ.

ಗೀಟಿಗಿಂತ ಕಷ್ಟದ್ದು ನೆಲದ ಓಟ. ಆ ಜಾಗ ಮತ್ತು ಪಟ್ಟಿ ಯಾವ ದಿಕ್ಕಿಗೂ 48ಕ್ಕೆ 1ಕ್ಕಿಂತ ಹೆಚ್ಚು ಇಳಿಜಾರು ಇರಬಾರದು. ಅಂದರೆ ನಾಲ್ಕು ಅಡಿಗೆ ಒಂದಿಂಚು. ಅದಕ್ಕಿಂತ ಹೆಚ್ಚಾದರೆ, ಕಾರಿನ ಸೀಟಿನಿಂದ ಕುರ್ಚಿಗೆ ದಾಟುವ ಹೊತ್ತಿನಲ್ಲೇ ಕುರ್ಚಿ ತನ್ನ ಪಾಡಿಗೆ ಹೊರಟುಬಿಡುತ್ತದೆ. ತೀರಾ ಸಪಾಟಾದರೆ ನೀರು ನಿಲ್ಲುತ್ತದೆ, ರಾತ್ರಿ ಅದೇ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಡಾಂಬರು ಹಾಕುವವರಿಗೆ ನನ್ನನ್ನು ಕಂಡರಾಗದು. ರೋಲರ್ ಇನ್ನೂ ಬಿಸಿ ಇರುವಾಗಲೇ ನಾನು ರಸಮಟ್ಟ ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತೇನೆ. ನಮ್ಮ ಮೇಸ್ತ್ರಿಗಳ ಗಾಜಿನ ಗುಳ್ಳೆಯ ರಸಮಟ್ಟದ ಬದಲು ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಮಟ್ಟಗೋಲು, ಅಷ್ಟೇ ವ್ಯತ್ಯಾಸ. ಶೇಕಡಾ ಎರಡು ಚಿಲ್ಲರೆ ತೋರಿಸಬೇಕಾದಲ್ಲಿ ಮೂರು ತೋರಿಸಿದರೆ ಆ ದಿನ ಯಾರೂ ನನಗೆ ಕಾಫಿ ಕೊಡುವುದಿಲ್ಲ.

ಈಗ ಊರಿನ ಮಾತು. ಕಳೆದ ಸಲ ಬಂದಾಗ ಆಯಿಗೆ, ಅಂದರೆ ಅಮ್ಮನಿಗೆ, ಸೀರೆ ತರಲು ಶಿರಸಿ ಪೇಟೆಗೆ ಹೋದೆವು. ಎರಡೂ ಮಂಡಿ ಬದಲಾಯಿಸಿಕೊಂಡವಳು, ಕೈಯಲ್ಲಿ ವಾಕರ್. ಅಂಗಡಿಯ ಎದುರು ಒಂದು ಸಾಲು ಸ್ಕೂಟಿ, ಬೈಕು; ಅವುಗಳ ಹಿಂದೆ ಗಟಾರ; ಗಟಾರದ ಮೇಲೆ ಅಲ್ಲಾಡುವ ಒಂದು ಚಪ್ಪಡಿ; ಆಮೇಲೆ ಎತ್ತರೆತ್ತರದ ಮೂರು ಮೆಟ್ಟಿಲು, ಅದಕ್ಕೆ ಹೊಳೆಯುವ ಗ್ರಾನೈಟು. ಜುಲೈ ತಿಂಗಳ ಮಳೆ. ಮೆಟ್ಟಿಲ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಇತ್ತು, ರಾತ್ರಿ ಬೈಕನ್ನು ಒಳಗೆ ಏರಿಸಲು ಮಾಡಿದ್ದು. ಅದರ ಮೇಲೆ ಹಸಿರು ಹಾವಸೆ ಬೆಳೆದಿತ್ತು. ಆಯಿ ಕಾರಿನ ಕಿಟಕಿಯಿಂದಲೇ ನೋಡಿ, "ಯಂಗೆ ಕಾಲು ಇಡಲೆ ಜಾಗನೇ ಇಲ್ಲೆ ತಮಾ, ನೀವೇ ಹೋಗಿ ಬನ್ನಿ" ಎಂದಳು.

ಅಂಗಡಿಯ ಮಾಲೀಕರು ಬಹಳ ಒಳ್ಳೆಯವರು. ವಿಷಯ ತಿಳಿದದ್ದೇ, ಕೊಡೆ ಹಿಡಿಸಿಕೊಂಡು ನಾಲ್ಕು ಸೀರೆಯನ್ನು ಕಾರಿಗೇ ತಂದರು. "ಅಮ್ಮ, ನೀವು ಇಳಿಯೋದೇ ಬೇಡ" ಎಂದು ಹಿಂದಿನ ಸೀಟಿನ ಮೇಲೆ ಹರಡಿದರು. ಕೊಲಂಬಸ್ಸಿನಲ್ಲಿ ಯಾವ ಅಂಗಡಿಯವನೂ ಹೀಗೆ ಮಳೆಯಲ್ಲಿ ಓಡಿ ಬರಲಾರ. ಆಯಿ ಒಂದನ್ನು ಆರಿಸಿದಳು, ಖುಷಿಯಾಗಿಯೇ ಇದ್ದಳು. ಆದರೆ ಅವಳು ಸೀರೆ ಆರಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದವನು. ಚಾಪೆ ಮೇಲೆ ಕೂತು, ಕಪಾಟಿನ ಮೇಲಿನ ಸಾಲಿನದನ್ನೂ ಇಳಿಸಿ, ಸೆರಗು ಬಿಚ್ಚಿಸಿ, ಬಾಗಿಲ ಬೆಳಕಿಗೆ ಹಿಡಿದು, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿನ ಅಭಿಪ್ರಾಯ ಕೇಳಿ, ಕೊನೆಗೆ ಮೊದಲು ತೋರಿಸಿದ್ದನ್ನೇ ತೆಗೆದುಕೊಳ್ಳುವವಳು. ಬೇರೆಯವರು ಆರಿಸಿ ತಂದ ನಾಲ್ಕರಲ್ಲಿ ಒಂದನ್ನು ತೆಗೆದುಕೊಳ್ಳುವುದು ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ನೆಲ ಮಾಡಬೇಕಾದ ಕೆಲಸವನ್ನು ಜನರ ಒಳ್ಳೆಯತನ ಮಾಡುತ್ತಿದೆ. ಆದರೆ ಆ ಒಳ್ಳೆಯತನ ಬೇಕಾದಾಗಲೆಲ್ಲ ಕೇಳಬೇಕು, ಕೇಳಲು ಸಂಕೋಚವಾದವರು ಮನೆಯಲ್ಲೇ ಉಳಿಯುತ್ತಾರೆ.

ವ್ಯಾಪಾರದ ಕಣ್ಣಿನಿಂದ ನೋಡಿದರೂ ಇದು ಕೆಟ್ಟ ಲೆಕ್ಕ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಈಗ ಯಾರಿದ್ದಾರೆ? ಮಕ್ಕಳು ಬೆಂಗಳೂರು, ಇಲ್ಲವೇ ನನ್ನಂತೆ ಇನ್ನೂ ಆಚೆ. ಅಡಿಕೆ ಟೆಂಡರಿಗೆ ಬರುವವರು, ಸೊಸೈಟಿಯಲ್ಲಿ ಖಾತೆ ಇರುವವರು, ತಿಂಗಳ ಸಾಮಾನು ಒಯ್ಯುವವರು ಅಪ್ಪಯ್ಯ, ಆಯಿಯರೇ. ಕೈಯಲ್ಲಿ ದುಡ್ಡಿರುವ ಗಿರಾಕಿ ಎಪ್ಪತ್ತು ದಾಟಿದ್ದಾನೆ, ಅಂಗಡಿ ಮಾತ್ರ ಇಪ್ಪತ್ತರ ಮೊಣಕಾಲಿಗೆ ಕಟ್ಟಿದ್ದು.

ಕಾನೂನು ಇಲ್ಲ ಎನ್ನುವಂತಿಲ್ಲ. ಪ್ರವೇಶದಿಂದ 30 ಮೀಟರ್ ಒಳಗೆ, 3.6 ಮೀಟರ್ ಅಗಲದ ಜಾಗ ಎಂದು ನಮ್ಮ ದೇಶದ ಮಾರ್ಗಸೂಚಿಗಳಲ್ಲೇ ಇದೆ. ಅದು ಹೆಚ್ಚುಕಡಿಮೆ ಹನ್ನೆರಡು ಅಡಿ, ಒಹಾಯೊದ ಎಂಟು ಮತ್ತು ಐದಕ್ಕಿಂತ ಸ್ವಲ್ಪವೇ ಕಡಿಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನಿಯಮಕ್ಕೆ ಒಗ್ಗದ ನಕ್ಷೆಗೆ ಕಟ್ಟುವ ಪರವಾನಗಿಯನ್ನೇ ಕೊಡುವಂತಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯದ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಅಂಕಿ ನಮ್ಮಲ್ಲೂ ಇದೆ. ಇಲ್ಲದ್ದು ಖಾಲಿ ಜಾಗವನ್ನು ಖಾಲಿಯಾಗಿ ಸಹಿಸುವ ಅಭ್ಯಾಸ.

ಇದೆಲ್ಲ ನನ್ನ ತಲೆಯಲ್ಲಿ ಹೊಸದಾಗಿ ಎದ್ದದ್ದು ಭಾವನಿಂದ. ಅವನು ಶಿರಸಿಯಲ್ಲಿ ಬನವಾಸಿ ಕಡೆಯ ರಸ್ತೆಗೆ ತಾಗಿ ಎರಡು ಮಹಡಿಯ ಅಂಗಡಿ ಕಟ್ಟಡ ಎತ್ತುವವನಿದ್ದಾನೆ. ನಕ್ಷೆ ವಾಟ್ಸಾಪಿನಲ್ಲಿ ಕಳಿಸಿ "ನಿನ್ನ ಅಮೆರಿಕದ ಬುದ್ಧಿ ಸ್ವಲ್ಪ ಖರ್ಚು ಮಾಡು" ಎಂದ. ಮಾಡಿದೆ.

ಮೊದಲ ಜಗಳ ಅಡಿಪಾಯದ ಎತ್ತರಕ್ಕೆ. ಮಳೆ ನೀರು ಒಳಗೆ ನುಗ್ಗಬಾರದೆಂದು ಅವನಿಗೆ ರಸ್ತೆಯಿಂದ ಒಂದೂವರೆ ಅಡಿ ಮೇಲೆ ಬೇಕು. ನಮ್ಮ ಮಳೆ ಗೊತ್ತಿದ್ದವರು ಅದನ್ನು ತಪ್ಪೆನ್ನಲಾರರು. ಆದರೆ ಗಾಲಿಕುರ್ಚಿ ಏರುವ ಇಳಿಜಾರು 12ಕ್ಕೆ 1 ಇರಬೇಕು, ಒಂದೂವರೆ ಅಡಿಗೆ ಹದಿನೆಂಟು ಅಡಿ ಉದ್ದ. "ಹದಿನೆಂಟು ಅಡಿಲಿ ಯಂಗೆ ಒಂದು ಮಳಿಗೆನೇ ಬತ್ತು!" ಎಂದ. ಕೊನೆಗೆ ಒಪ್ಪಿದ್ದು ಹೀಗೆ: ಮೆಟ್ಟಿಲು ಕಟ್ಟುವ ಬದಲು ಮಣ್ಣು ತುಂಬಿ ಅಂಗಳವನ್ನೇ ಎತ್ತರಿಸುವುದು, ಗಾಡಿ ಏರುವ ಓಟವನ್ನು ಗೇಟಿನ ಬಳಿಯೇ ಮುಗಿಸುವುದು, ಬಾಗಿಲ ಎದುರಿನ ಎರಡು ಜಾಗ ಮಾತ್ರ ಸಪಾಟು. ಹೊಸ್ತಿಲ ಮುಂದೆ ಅಡ್ಡಲಾಗಿ ಜಾಲರಿ ಮುಚ್ಚಿದ ಗಟಾರ. ಹೊಳೆಯುವ ಗ್ರಾನೈಟು ಗೋಡೆಗೆ ಬೇಕಾದರೆ ಹಾಕಿಕೊ, ಕಾಲಡಿಗೆ ದೊರಗು ಕಲ್ಲೇ ಇರಲಿ ಎಂದೆ. ಅದಕ್ಕೆ ತಕರಾರು ಬರಲಿಲ್ಲ, ಅಗ್ಗ ನೋಡಿ.

ಎರಡನೆಯದು ರಿವರ್ಸ್. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ. ಹಿಂದೆ ನಿಂತ ಮಕ್ಕಳು ಚಾಲಕನಿಗೆ ಕಾಣದೆ ಸಾಯುತ್ತಿದ್ದುದೇ ಅದಕ್ಕೆ ಕಾರಣ. ನಮ್ಮಲ್ಲಿ ಕ್ಯಾಮೆರಾದ ಬದಲು ಸೀಟಿ ಊದುತ್ತ "ಬರ್ಲಿ, ಬರ್ಲಿ, ಬರ್ಲಿ" ಎನ್ನುವ ವಾಚ್‌ಮನ್ ಇರುತ್ತಾನೆ, ಅದೂ ಸರಿಯಾಗಿ ಕಾರಿನ ಹಿಂದೆಯೇ ನಿಂತು. ನಡೆಯುವವರಿಗೆ ಕಾರುಗಳ ಮೂತಿಯ ಕಡೆ, ಕಟ್ಟಡಕ್ಕೆ ತಾಗಿ, ಬೇರೆ ದಾರಿ ಕೊಟ್ಟರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು. ಬ್ರೇಕಿನ ಬದಲು ಎಕ್ಸಲರೇಟರ್ ಒತ್ತಿ ಅಂಗಡಿಗೇ ನುಗ್ಗುವವರು ಎರಡೂ ದೇಶದಲ್ಲಿದ್ದಾರೆ. ಅವರಿಗಾಗಿ ಕಾಂಕ್ರೀಟು ತುಂಬಿದ ಕಬ್ಬಿಣದ ಪೈಪು, ಹಳದಿ ಬಣ್ಣ. ದೀಪ ಭಾರೀ ಪ್ರಖರ ಇರಬೇಕಾಗಿಲ್ಲ, ನಡುನಡುವೆ ಕತ್ತಲ ಗುಂಡಿ ಉಳಿಯದಿದ್ದರೆ ಸಾಕು. ಮಳೆಗಾಲದ ಕರೆಂಟಿನ ಹಣೆಬರಹ ಗೊತ್ತಿರುವುದರಿಂದ ಬಾಗಿಲ ಎದುರಿನ ದೀಪವನ್ನು ಇನ್ವರ್ಟರಿಗೆ ಸೇರಿಸು ಎಂದೆ.

ನಿಜವಾದ ಗಂಟು ಬಿದ್ದದ್ದು ಓರೆಗೀಟಿನ ಪಟ್ಟಿಯಲ್ಲಿ. "ಖಾಲಿ ಬಿಟ್ರೆ ಹತ್ತು ನಿಮಿಷದಲ್ಲಿ ಸ್ಕೂಟಿ ತುಂಬ್ತು ಮಾರಾಯ, ಎಂತ ಮಾಡವು?" ಎಂದ ಭಾವ. ಪೈಪು ನೆಡೋಣವೇ ಎಂದರೆ, ಕುರ್ಚಿ ದಾಟಲು ಮೂರು ಅಡಿ ಸಂದು ಬೇಕು, ಕುರ್ಚಿ ದಾಟುವಲ್ಲಿ ಸ್ಕೂಟಿ ಸಲೀಸಾಗಿ ದಾಟುತ್ತದೆ. ಸರಪಳಿ ಕಟ್ಟಿದರೆ ಬಿಚ್ಚುವವರನ್ನು ಮಳೆಯಲ್ಲಿ ನಿಂತು ಕೂಗಬೇಕು. ಸ್ಕೂಟಿಯವರನ್ನು ಬೈದೂ ಫಲವಿಲ್ಲ, ಅವರಿಗೆ ಅಂತ ಜಾಗವನ್ನೇ ಕೊಡದೆ ಇಡೀ ಅಂಗಳವನ್ನು ಕಾರಿಗೆ ಬರೆದುಕೊಟ್ಟರೆ ಅವರು ಸಂದು ಹುಡುಕಿಯೇ ಹುಡುಕುತ್ತಾರೆ. ಹಾಗಾಗಿ ಗೇಟಿನ ಎಡಕ್ಕೆ, ಸೂರಿನ ಅಡಿಯಲ್ಲಿ, ಎರಡು ಕಾರಿನ ಜಾಗ ಕಿತ್ತು ದ್ವಿಚಕ್ರಕ್ಕೆ ಕೊಡಿಸಿದ್ದೇನೆ. ಮಳೆಯಲ್ಲಿ ನೆನೆಯದ ಜಾಗ ಸಿಕ್ಕಿದರೆ ಬಾಗಿಲ ಬಳಿಯ ಪಟ್ಟಿಗೆ ಯಾರು ಬರುತ್ತಾರೆ? ಬಂದವರನ್ನು ಏಳಿಸುವ ಕೆಲಸ ವಾಚ್‌ಮನ್‌ನದು. ಕಾರಿನ ಹಿಂದೆ ನಿಂತು ಸೀಟಿ ಊದುವುದಕ್ಕಿಂತ ಅದು ಸುರಕ್ಷಿತ ಉದ್ಯೋಗ.

ಈಗ ಉಳಿದಿರುವ ವ್ಯಾಜ್ಯ ಜಾಲರಿಯದು. ಊರುಗೋಲಿನ ತುದಿ ಸಿಕ್ಕಿಕೊಳ್ಳಬಾರದು, ಕುರ್ಚಿಯ ಮುಂದಿನ ಸಣ್ಣ ಗಾಲಿ ಇಳಿಯಬಾರದು ಎಂದರೆ ಸಂದು ಅರ್ಧ ಇಂಚಿಗಿಂತ ದೊಡ್ಡದಿರಬಾರದು, ಅದೂ ನಡೆಯುವ ದಿಕ್ಕಿಗೆ ಅಡ್ಡಲಾಗಿರಬೇಕು. ಎಲೆ ಕಟ್ಟಿಕೊಂಡರೆ ನೀರೇ ಹೋಗುವುದಿಲ್ಲ ಎಂದು ಭಾವನ ವಾದ. ಒಬ್ಬರೇ ಎತ್ತಿ ತೊಳೆಯುವ ಹಾಗೆ ಎರಡೆರಡು ಅಡಿಯ ತುಂಡು ಮಾಡಿಸು ಎಂದು ಬರೆದಿದ್ದೇನೆ. ವೆಲ್ಡಿಂಗಿನವನನ್ನು ಕೇಳಿ ಹೇಳುತ್ತಾನಂತೆ.