ದೇವರಾಯನದುರ್ಗದ ಕೋತಿ, ನಮ್ ಹುಡುಗನ ಕ್ಯೂಬು

ಹೋದ ಭಾನುವಾರ ಅಕ್ಕನ ಮಗನ್ನ ಕರ್ಕೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ಯಶವಂತಪುರದಲ್ಲಿ ಟ್ರೈನ್ ಹತ್ತಿದಾಗಿಂದ ಕ್ಯಾತಸಂದ್ರದಲ್ಲಿ ಇಳಿಯೋವರ್ಗೂ ಹುಡುಗ ಒಂದ್ಸಲಾನೂ ಕಿಟಕಿ ಕಡೆ ನೋಡ್ಲಿಲ್ಲ, ಕೈಲಿ ರೂಬಿಕ್ಸ್ ಕ್ಯೂಬು, ಚಕಚಕ ಅಂತ ತಿರುಗ್ಸೋದು, ಮುಗ್ಸೋದು, ಕೆಡಿಸೋದು, ಮತ್ತೆ ಶುರು. ಎದುರು ಸೀಟಿನ ಅಜ್ಜಿ "ಅಲ್ಲಪ್ಪ, ಸರಿ ಮಾಡಿದ್ದನ್ನ ಮತ್ಯಾಕೆ ಕೆಡಿಸ್ತೀಯ" ಅಂದ್ರು, ಅವನು ನಕ್ಕ, ನನ್ ಹತ್ರಾನೂ ಉತ್ತರ ಇರ್ಲಿಲ್ಲ.

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ಮೇಲಿನ ಬೆಣ್ಣೆ ಕರಗೋಷ್ಟ್ರಲ್ಲಿ ಒಂದ್ಸಲ ಮುಗ್ಸಿ ತೋರಿಸ್ದ. ನಂಗೂ ಚಿಕ್ಕೋನಿದ್ದಾಗ ಅಪ್ಪ ಇಲ್ಲೇ ಸಿದ್ಧಗಂಗೆ ಜಾತ್ರೇಲಿ ಒಂದು ಕೊಡ್ಸಿದ್ರು, ಬಿಳಿ ಮುಖ ಒಂದು ಮಾಡ್ಕೊಂಡು ತಿಂಗಳುಗಟ್ಲೆ ಮೆರೆದು ಆಮೇಲೆ ತಡೀಲಾರ್ದೆ ಸ್ಟಿಕ್ಕರ್ ಕಿತ್ತು ಅಂಟಿಸಿ ಸ್ಕೂಲಲ್ಲಿ ತೋರಿಸ್ದೆ. ಇವನದ್ರಲ್ಲಿ ಸ್ಟಿಕ್ಕರ್ರೇ ಇಲ್ಲ, ಪ್ಲಾಸ್ಟಿಕ್ಕೇ ಬಣ್ಣದ್ದು, ಒಳಗೆ ಮ್ಯಾಗ್ನೆಟ್ಟು ಬೇರೆ.

ಹಂಗ್ ನೋಡಿದ್ರೆ ಅದನ್ನ ಕಂಡುಹಿಡಿದ ಹಂಗೇರಿಯ ಎರ್ನೋ ರೂಬಿಕ್ ಮೇಷ್ಟ್ರಿಗೇ 1974ರಲ್ಲಿ ತಾನೇ ಕೆಡಿಸಿದ್ದನ್ನ ಸರಿ ಮಾಡೋಕೆ ತಿಂಗಳ ಮೇಲೆ ಹಿಡೀತಂತೆ. 1982ರಲ್ಲಿ ಬುಡಾಪೆಸ್ಟಲ್ಲಿ ಮೊದಲ ವರ್ಲ್ಡ್ ಚಾಂಪಿಯನ್‌ಶಿಪ್ ಗೆದ್ದೋನು ತಗೊಂಡಿದ್ದು 22.95 ಸೆಕೆಂಡು, 2023ರಲ್ಲಿ ಮ್ಯಾಕ್ಸ್ ಪಾರ್ಕ್ ಅನ್ನೋನು 3.13 ಸೆಕೆಂಡಲ್ಲಿ ಮುಗ್ಸಿದಾನೆ. "ಎಷ್ಟೇ ಕೆಡಿಸಿದ್ರೂ 20 ತಿರುವಲ್ಲಿ ಸರಿ ಮಾಡ್ಬಹುದು ಮಾಮ, 2010ರಲ್ಲೇ ಪ್ರೂವ್ ಆಗಿದೆ" ಅಂತ ಆಟೋದಲ್ಲಿ ನಂಗೇ ಪಾಠ. ಮೊಬೈಲ್ ಇರೋ ಕಾಲದಲ್ಲೂ ಬ್ಯಾಟರಿ ಇಲ್ದಿರೋ ಆಟದ ಸಾಮಾನು ಹಿಂಗೆ ಹಿಡ್ಕೊಂಡಿದೆ ಅಂದ್ರೆ ನಂಗಂತೂ ಖುಷಿನೇ.

ನಾಮದ ಚಿಲುಮೇಲಿ ಬಂಡೆಯೊಳಗಿನ ನೀರು ನೋಡಿ, ಕೆಳಗೆ ಭೋಗ ನರಸಿಂಹನಿಗೆ ಕೈ ಮುಗ್ದು, ಏದುಸಿರು ಬಿಡ್ತಾ ಮೇಲೆ ಯೋಗ ನರಸಿಂಹನ ಹತ್ರ ಹೋದ್ವಿ. ಗಾಳಿ ಚೆನ್ನಾಗಿತ್ತು. ಇಳೀತಾ ಮೆಟ್ಟಿಲ ಮೇಲೆ ಕೂತಿದ್ದಾಗ ಎಲ್ಲಿತ್ತೋ ಒಂದು ಕೋತಿ, ಸರ್ರನೆ ಬಂದು ಕ್ಯೂಬು ಕಿತ್ಕೊಂಡು ಹೋಯ್ತು! ಮೂಸ್ತು, ಕಚ್ತು, ತಿನ್ನೋದಲ್ಲ ಅಂತ ಗೊತ್ತಾದ್ಮೇಲೆ ಬಂಡೆ ಮೇಲೆ ಬಿಸಾಕ್ತು. ಒಂದು ಮೂಲೆ ತುಂಡು ಹಾರಿತ್ತು, ಹುಡುಗ ಹುಡುಕಿ ತಂದು ಒತ್ತಿ ಕೂರಿಸ್ದ.

ವಾಪಸ್ ಟ್ರೈನಲ್ಲಿ ಮುಖ ಸಪ್ಪಗಿತ್ತು. ಎಲ್ಲಾ ಸರಿ ಆಗ್ತಿತ್ತು, ಕೊನೇಲಿ ಅದೊಂದು ಮೂಲೆ ಮಾತ್ರ ಉಲ್ಟಾ. "20 ತಿರುವು ಅಂದ್ಯಲ್ಲೋ" ಅಂದೆ. "ಇದು ತಿರುಗಿಸಿದ್ರೆ ಬರಲ್ಲ ಮಾಮ, ಮೂಲೆ ಮೂರು ಥರ ಕೂರುತ್ತೆ, ಒಂದೇ ಸರಿ, ನಾನೇ ತಪ್ಪು ಕೂರಿಸ್ದೆ" ಅಂದೋನು ಹೆಬ್ಬೆರಳಲ್ಲಿ ಆ ಮೂಲೇನ ಕಟಕ್ ಅಂತ ತಿರುಚಿದ, ಕ್ಯೂಬು ಮುಗೀತು.

"ನಾನು ಸ್ಟಿಕ್ಕರ್ ಕಿತ್ತಿದ್ದಕ್ಕೂ ಇದಕ್ಕೂ ಏನೋ ವ್ಯತ್ಯಾಸ?"

"ಇದು ರಿಪೇರಿ ಮಾಮ, ನಿಮ್ದು ಕಳ್ತನ."

ಕೆಡಿಸಿ ನನ್ ಕೈಗಿಟ್ಟ. ಯಶವಂತಪುರ ಬರೋಷ್ಟ್ರಲ್ಲಿ ಬಿಳಿ ಮುಖ ಒಂದು ಮಾಡಿದ್ದೆ.